ಹಳೆ ಸ್ಪೀಡ್ ಬೋಟ್: 19 ಪಿಚ್ ಸಾಕಾ, 21 ಹಾಕಿಸಲಾ?

ಮುನಿರಾಬಾದಿನಿಂದ ಪ್ರಶ್ನೆ: ಹದಿನಾರು ಅಡಿಯ ಹಳೆ ಫೈಬರ್ ಬೋಟ್ ಒಂದನ್ನು ಕರಾವಳಿಯಿಂದ ತಂದಿದ್ದೇನೆ. ಹಿಂದೆ ತೂಗುಹಾಕುವ 75 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್, ಮೂರು ಸಿಲಿಂಡರ್, ಮೂರು ಕಾರ್ಬ್ಯುರೇಟರ್. ತುಂಗಭದ್ರಾ ಡ್ಯಾಮಿನ ಹಿನ್ನೀರಲ್ಲಿ ಓಡಿಸಲು ಅನುಮತಿ ಇದೆ. ಈಗಿರುವುದು 19 ಪಿಚ್‌ನ ಅಲ್ಯೂಮಿನಿಯಂ ಪ್ರೊಪೆಲ್ಲರ್. ನಾನೊಬ್ಬನೇ ಇದ್ದರೆ ಫುಲ್ ಥ್ರಾಟಲ್‌ಗೆ 4700 ಆರ್‌ಪಿಎಂ. ನಾಲ್ಕು ಜನ ಹತ್ತಿದರೆ 4300, ಬೋಟಿನ ಮೂತಿ ಕೆಳಗಿಳಿಯುವುದೇ ಇಲ್ಲ. ಮ್ಯಾನ್ಯುಯಲ್‌ನಲ್ಲಿ 4500ರಿಂದ 5500 ಅಂತಿದೆ. ಸ್ಪೀಡ್ ಬರಲಿ ಅಂತ 21 ಪಿಚ್ ಸ್ಟೀಲ್ ಪ್ರೊಪೆಲ್ಲರ್ ಹಾಕಿಸಲಾ?

ಕೊಪ್ಪಳದಿಂದ: ಬೇಡ ತಮ್ಮಾ, ಉಲ್ಟಾ ಆಗುತ್ತದೆ. ಪ್ರೊಪೆಲ್ಲರ್ ಒಂದು ಸಲ ಸುತ್ತಿದರೆ ಎಷ್ಟು ಇಂಚು ಮುಂದೆ ಹೋಗಬೇಕು ಅನ್ನುವ ಲೆಕ್ಕವೇ ಪಿಚ್. ಪಿಚ್ ಜಾಸ್ತಿ ಅಂದರೆ ದೊಡ್ಡ ಗೇರ್ ಇದ್ದ ಹಾಗೆ. ಟ್ರಾಲಿ ತುಂಬ ಭತ್ತ ಹೇರಿ ಟ್ರ್ಯಾಕ್ಟರನ್ನು ಟಾಪ್ ಗೇರಲ್ಲಿ ಎಬ್ಬಿಸಿದರೆ ಏನಾಗುತ್ತದೆ? ಇದೂ ಅದೇ. ತಿಣುಕಿ ತಿಣುಕಿ ಎಂಜಿನ್ ನಾಕ್ ಆಗುತ್ತದೆ, ಪಿಸ್ಟನ್ ತಲೆ ತೂತು ಬೀಳಬಹುದು.

ಆದರೆ ಈಗಲೇ ಯಾವ ಪ್ರೊಪೆಲ್ಲರನ್ನೂ ಕೊಳ್ಳಬೇಡ. ನಾನು ಎರಡು ಕೊಂಡೆ, ಎರಡೂ ಗೋಡೆಗೆ ನೇತಾಡುತ್ತಿವೆ. ಕೊನೆಗೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿ ನೋಡಿದರೆ ಎರಡು ಸಿಲಿಂಡರ್ 120 ಪಿಎಸ್‌ಐ, ಮೂರನೆಯದು 90! ಕಾರ್ಬನ್ ಕಟ್ಟಿ ರಿಂಗ್ ಅಂಟಿಕೊಂಡಿತ್ತು. ನೂರಕ್ಕೆ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮೊದಲು ಅದನ್ನು ಸರಿ ಮಾಡಿಸು.

ಆಮೇಲೆ ಮೂರೂ ಕಾರ್ಬ್ಯುರೇಟರ್ ಬಿಚ್ಚಿಸು. ನಿಂತ ಬೋಟಲ್ಲಿ ಪೆಟ್ರೋಲ್ ಅಂಟಾಗುತ್ತದೆ. ಈಗಿನ ಎಥನಾಲ್ ಬೆರೆಸಿದ ಪೆಟ್ರೋಲ್ ನೀರನ್ನೂ ಹೀರುತ್ತದೆ, ಹಳೆ ರಬ್ಬರ್ ಪೈಪನ್ನೂ ತಿನ್ನುತ್ತದೆ. ಪೆಟ್ರೋಲ್ ಹೋಗುವ ಸಣ್ಣ ತೂತಿನ ಜೆಟ್‌ಗೆ ಗಾಳಿ ಹೊಡೆಯಬೇಕು, ತಂತಿ ತೂರಿಸಬಾರದು. ತೂತು ದೊಡ್ಡದಾದರೆ ಲೆಕ್ಕವೇ ಕೆಡುತ್ತದೆ. ಎಣ್ಣೆ ಬೆರೆಸಿ ಓಡಿಸುವ ಎಂಜಿನ್ನಾದರೆ ಇನ್ನೂ ಹುಷಾರು. ಜೆಟ್ ಅರ್ಧ ಕಟ್ಟಿದರೆ ಆ ಸಿಲಿಂಡರಿಗೆ ಪೆಟ್ರೋಲ್ ಜೊತೆ ಎಣ್ಣೆಯೂ ಕಡಿಮೆ. ಮೂರರ ಥ್ರಾಟಲ್ ಚಿಟ್ಟೆಗಳೂ (ಗಾಳಿ ಬಿಡುವ ಮುಚ್ಚಳಗಳು) ಒಟ್ಟಿಗೇ ತೆರೆಯಬೇಕು. ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯ, ನೋಡುವುದು ಕೊನೆಗೆ.

ಹುಲಿಗಿಯಿಂದ: ಎಂಜಿನ್ ತಂಪು ಮಾಡುವ ನೀರಿನ ಪಂಪಿನ ಇಂಪೆಲ್ಲರ್ (ರಬ್ಬರ್ ಚಕ್ರ) ಮರೆಯಬೇಡಿ ಸರ್. ನಮ್ಮ ಡ್ಯಾಮಲ್ಲಿ ಹೂಳು ಜಾಸ್ತಿ, ರಬ್ಬರ್ ಬೇಗ ಸವೆಯುತ್ತದೆ. ಸ್ಟೀಲ್ ಪ್ರೊಪೆಲ್ಲರ್ ಇಲ್ಲಿಗೆ ಬೇಡ ಅಂತೀನಿ. ಬೇಸಿಗೆಯಲ್ಲಿ ನೀರಿಳಿದಾಗ ಬಂಡೆ, ಮರದ ಬೊಡ್ಡೆ ಎಲ್ಲಿರುತ್ತವೋ ಗೊತ್ತಾಗಲ್ಲ. ಅಲ್ಯೂಮಿನಿಯಂ ಆದರೆ ರೆಕ್ಕೆ ಮುರಿದು ಗೇರ್ ಉಳಿಯುತ್ತದೆ. ಬಲೆ ದಾರ ಶಾಫ್ಟಿಗೆ ಸುತ್ತಿದರೆ ಸೀಲ್ ಕತ್ತರಿಸುತ್ತದೆ. ಗೇರ್ ಎಣ್ಣೆ ಹಾಲು ಹಾಕಿದ ಚಾ ಥರ ಕಂಡರೆ ನೀರು ಹೊಕ್ಕಿದೆ ಅಂತಲೇ ಲೆಕ್ಕ.

ಬಳ್ಳಾರಿಯಿಂದ: ಸ್ಟೀಲನ್ನು ಅಷ್ಟು ಬೈಯಬೇಡಿ. ರೆಕ್ಕೆ ಬಾಗಲ್ಲ, ತೆಳ್ಳಗಿರುತ್ತದೆ, ತಿರುವಿನಲ್ಲಿ ನೀರಿನ ಹಿಡಿತ ಬಿಡಲ್ಲ. ಡ್ಯಾಂ ತುಂಬಿದ ತಿಂಗಳುಗಳಲ್ಲಿ ನಾನು ಅದನ್ನೇ ಹಾಕುವುದು. ಆದರೆ ನೀವ್ಯಾರೂ ಒಂದು ಮಾತು ಹೇಳಲಿಲ್ಲ. ಈ ಬೋಟ್ ಕರಾವಳಿಯದು ಅಲ್ವಾ? ನಮ್ಮ ಡ್ಯಾಂ ತುಂಬಿದರೆ ನೀರಿನ ಮಟ್ಟ ಸಮುದ್ರಕ್ಕಿಂತ 1633 ಅಡಿ ಮೇಲೆ. ಸಾವಿರ ಅಡಿಗೆ ನೂರಕ್ಕೆ ಮೂರರಷ್ಟು ಶಕ್ತಿ ಹೋಗುತ್ತದೆ. ಮೇಲೆ ನಮ್ಮ ಬಿಸಿಲು ಬೇರೆ, ಬಿಸಿ ಗಾಳಿ ತೆಳು. ಅಲ್ಲಿ 19 ಸರಿಯಾಗಿಯೇ ಇದ್ದಿರಬಹುದು. ಇಲ್ಲಿ 17 ನೋಡಿ.

ಕೊಪ್ಪಳದಿಂದ: ಹೌದು, ಅದು ನನಗೆ ಹೊಳೆಯಲಿಲ್ಲ. ಒಂದು ಇಂಚು ಪಿಚ್ ಇಳಿಸಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ. ಆದರೆ ನಾಲ್ಕು ಜನರನ್ನೂ ಫುಲ್ ಪೆಟ್ರೋಲನ್ನೂ ಇಟ್ಟುಕೊಂಡೇ ಅಳೆ. ಒಬ್ಬನೇ ಕೂತು ನೋಡಿದ ನಂಬರ್ ಸುಮ್ನೆ.

ಮುನಿರಾಬಾದಿನಿಂದ, ಮೂರು ವಾರದ ನಂತರ: ಕಂಪ್ರೆಷನ್ ಮೂರೂ ಸರಿ ಇತ್ತು. ನಡುವಿನ ಕಾರ್ಬ್ಯುರೇಟರಿನ ಮೇನ್ ಜೆಟ್ ಕಟ್ಟಿತ್ತು. ತೊಳೆದ ಮೇಲೆ ಒಬ್ಬನೇ ಇದ್ದಾಗ 19ಕ್ಕೇ 4950 ಬಂತು. ಪರಿಚಯದವರ ಹತ್ತಿರ 17 ಪಿಚ್ ಅಲ್ಯೂಮಿನಿಯಂ ಎರವಲು ತಂದು ಹಾಕಿದೆ. ಒಬ್ಬನೇ 5300, ನಾಲ್ಕು ಜನ 4900, ಮೂತಿ ತಟ್ಟನೆ ಕೆಳಗಿಳಿಯುತ್ತದೆ. ನನ್ನ ಗೇರ್ 2ಕ್ಕೆ 1, ಎಂಜಿನ್ ಎರಡು ಸಲ ಸುತ್ತಿದರೆ ಪ್ರೊಪೆಲ್ಲರ್ ಒಂದು ಸಲ. ಲೆಕ್ಕದ ಪ್ರಕಾರ 5300ಕ್ಕೆ ಗಂಟೆಗೆ ಸುಮಾರು 69 ಕಿಮೀ ಬರಬೇಕು, ಜಿಪಿಎಸ್ 57 ತೋರಿಸಿತು. ಉಳಿದದ್ದು ಸ್ಲಿಪ್, ಪ್ರೊಪೆಲ್ಲರ್ ನೀರಲ್ಲಿ ಜಾರುವುದು. ಮೊದಲು ಕೆಟ್ಟ ಎಂಜಿನ್‌ಗೆ 19 ಇದ್ದಾಗ 55 ದಾಟಿರಲಿಲ್ಲ. 21 ಕೊಳ್ಳಲಿಲ್ಲ, ದುಡ್ಡು ಉಳೀತು. ಹಳೆ 19 ಈಗ ಸ್ಪ್ಯಾನರ್, ನಟ್ ಬಿಚ್ಚದ ಹಾಗೆ ತಡೆಯುವ ಕಾಟರ್ ಪಿನ್ ಜೊತೆ ಬೋಟಲ್ಲೇ ಸ್ಪೇರ್ ಆಗಿದೆ.

ಹುಲಿಗಿಯಿಂದ: ಕಾಟರ್ ಪಿನ್ ನಾಲ್ಕೈದು ಇಟ್ಟುಕೊಳ್ಳಿ ಸರ್. ಮೊದಲನೆಯದು ನೀರಿಗೆ ಬೀಳುವುದು ಗ್ಯಾರಂಟಿ.