ಸಹಾಯ ಬೇಕು: ಹಳೆಯ ಸ್ಪಿಯರ್‌ಗನ್‌ಗೆ ಬಲ ತುಂಬುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದವನು. ಮಸ್ಕತ್‌ನಲ್ಲಿ ದುಡಿಯುತ್ತಿದ್ದ ಚಿಕ್ಕಪ್ಪ ತಂದಿದ್ದ ರಬ್ಬರ್ ಎಳೆತದಿಂದ ನೀರೊಳಗೆ ಮೀನಿಗೆ ಈಟಿ ಹಾರಿಸುವ ಸ್ಪಿಯರ್‌ಗನ್ ಹತ್ತು ವರ್ಷ ನಮ್ಮ ಅಟ್ಟದಲ್ಲಿ ಕಾಫಿ ಚೀಲಗಳ ನಡುವೆ ಬಿದ್ದಿತ್ತು. ಚಿಕ್ಕಪ್ಪ ಈಗಿಲ್ಲ. ಹೊಸದನ್ನು ಕೊಳ್ಳುವುದಕ್ಕಿಂತ ಇದನ್ನೇ ಉಳಿಸಿಕೊಳ್ಳಬೇಕೆಂಬ ಆಸೆ ನನ್ನದು.

ಅಲ್ಯೂಮಿನಿಯಂ ಕೊಳವೆ, 75 ಸೆಂಟಿಮೀಟರ್ ಉದ್ದ, 6.5 ಮಿಲಿಮೀಟರ್ ದಪ್ಪದ ಈಟಿ, 16 ಮಿಲಿಮೀಟರ್‌ನ ಒಂದೇ ರಬ್ಬರ್. ಕಳೆದ ತಿಂಗಳು ಶಿರಾಡಿ ಘಾಟಿ ಇಳಿದು ಕಡಲಿಗೆ ಹೋಗಿ ನೀರೊಳಗೆ ಹೊಡೆದು ನೋಡಿದೆ. ಒಂದು ಮಾರು ಹೋಗುವಷ್ಟರಲ್ಲೇ ಈಟಿ ಸೋತು ತಲೆ ತಗ್ಗಿಸಿತು. ರಬ್ಬರ್ ತುಂಬ ಸಣ್ಣ ಬಿರುಕುಗಳು, ಮುಟ್ಟಿದರೆ ಅಂಟು. ಈ ರಬ್ಬರ್ ಲ್ಯಾಟೆಕ್ಸ್‌ನದು, ಬಿಸಿಲಿಗೂ ಎಣ್ಣೆಗೂ ಕೆಡುವ ವಸ್ತು, ಬದಲಿಸುವುದಂತೂ ಖಚಿತ.

ಗೊಂದಲವಿರುವುದು ಮುಂದೆ. ಅದೇ ದಪ್ಪದ ರಬ್ಬರನ್ನು ತುಸು ಗಿಡ್ಡವಾಗಿ ಕತ್ತರಿಸಿ ಎಳೆತ ಹೆಚ್ಚಿಸಲೇ, ಅಥವಾ 14 ಮಿಲಿಮೀಟರ್‌ನ ಎರಡು ರಬ್ಬರ್ ಹಾಕಲೇ? ಎರಡಾದರೆ ಒಂದೊಂದಾಗಿ ಎಳೆದು ಸಿಕ್ಕಿಸಬಹುದು, ತೋಳಿಗೆ ಹಗುರ. ಆದರೆ ಎರಡನೇ ರಬ್ಬರ್ ಸಿಕ್ಕಿಸಲು ಈಟಿಯಲ್ಲಿ ಇನ್ನೊಂದು ಕಚ್ಚು ಕೊರೆಸಬೇಕು. ಬಲ ಅತಿಯಾದರೆ ತೆಳ್ಳಗಿನ ಈಟಿ ಬಳುಕಿ ಗುರಿ ತಪ್ಪುತ್ತದೆ, ಕೈಗೆ ಒದೆತವೂ ಹೆಚ್ಚು. ಎಲ್ಲಕ್ಕಿಂತ ನನಗೆ ಭಯವಿರುವುದು ಟ್ರಿಗರ್‌ನದು. ಈಟಿಯನ್ನು ಹಿಡಿದಿಡುವ ಅದರ ಕೊಂಡಿ ಕೂತಿರುವುದು ಹಳೆಯ ಪ್ಲಾಸ್ಟಿಕ್ ಹಿಡಿಯೊಳಗೆ. ಸವೆದ ಕೊಂಡಿ ತುಂಬಿದ ಎಳೆತದಲ್ಲಿ ತಾನಾಗಿಯೇ ಜಾರಿದರೆ ಪಕ್ಕದಲ್ಲಿ ಈಜುವವರ ಗತಿ?

ಮಲ್ಪೆ, ಮುರುಡೇಶ್ವರ, ಕಾರವಾರದ ಕಡೆಯ ಅನುಭವಿಗಳೇ, ಕೊಂಡಿಯ ಸವೆತವನ್ನು ನೀವು ಹೇಗೆ ಪರೀಕ್ಷಿಸುತ್ತೀರಿ? ಮೀಟರ್ ಲೆಕ್ಕದಲ್ಲಿ ಒಳ್ಳೆಯ ಲ್ಯಾಟೆಕ್ಸ್ ಕೊಳವೆ ಎಲ್ಲಿ ಸಿಗುತ್ತದೆ? ಟ್ರಿಗರ್ ಬಿಚ್ಚಿದ ಚಿತ್ರಗಳನ್ನು ಇಂದು ಸಂಜೆ ಹಾಕುತ್ತೇನೆ.