ಮರು: ಬೋರ್ಡಿಗೆ ಪದ ಬೇಕು, ಅರ್ಜೆಂಟ್ – ‘ಕೆಮಿಕಲ್ ಸೆನ್ಸಿಟಿವಿಟಿ’

ಸೆಂಟು, ಪೇಂಟಿನಂಥ ಕೆಮಿಕಲ್ ವಾಸನೆಗೆ ಮೈ ಕೆಡುವ ತೊಂದರೆಗೆ, ಅಂದರೆ ‘ಕೆಮಿಕಲ್ ಸೆನ್ಸಿಟಿವಿಟಿ’ಗೆ, ಕ್ಲಿನಿಕ್ಕಿನ ಬೋರ್ಡಿಗೂ ಕರಪತ್ರಕ್ಕೂ ಕನ್ನಡ ಪದ ಕೇಳಿದ ಮೇಡಂಗೆ ಮೊದಲು ಉತ್ತರ, ನಾಳೆ ಬೆಳಿಗ್ಗೆಯೇ ಪ್ರಿಂಟಿಗೆ ಕೊಡಬೇಕು ಅಂದಿದ್ದೀರಲ್ಲ. ಕ್ಲಿನಿಕ್ಕಿನ ಬಾಗಿಲಿಗೆ ಇಷ್ಟು ಸಾಕು:

‘ದಯವಿಟ್ಟು ಸೆಂಟು, ಬಾಡಿ ಸ್ಪ್ರೇ ಹಾಕಿಕೊಂಡು ಒಳಗೆ ಬರಬೇಡಿ. ಅದರ ಘಾಟು ಒಗ್ಗದವರು ಇಲ್ಲಿಗೆ ಬರುತ್ತಾರೆ.’

ಬೋರ್ಡಿಗೆ ನಾಮಪದವೇ ಬೇಡ. ಈ ಕಷ್ಟಕ್ಕೆ ಕನ್ನಡದಲ್ಲಿ ಕ್ರಿಯಾಪದ ಇದೆ. ‘ನನಗೆ ಧೂಳು ಒಗ್ಗಲ್ಲ’, ‘ಅವಳಿಗೆ ಬದನೆಕಾಯಿ ಆಗಿಬರಲ್ಲ’ ಅಂತ ದಿನಾ ಹೇಳುತ್ತೇವೆ. ಮನುಷ್ಯ ಚತುರ್ಥಿಯಲ್ಲಿ (‘ನನಗೆ’), ಧೂಳು ಪ್ರಥಮೆಯಲ್ಲಿ, ಅಂದರೆ ವಾಕ್ಯದ ಕರ್ತೃ. ಒಗ್ಗದೇ ಇರುವುದು ಧೂಳು. ತಪ್ಪು ಮನುಷ್ಯನ ತಲೆಗೆ ಬರುವುದಿಲ್ಲ. ನನಗೆ ಇದೇ ಮುಖ್ಯ.

ನಿಮ್ಮ ‘ಬಹುರಾಸಾಯನಿಕ ಅತಿಸಂವೇದನಾಶೀಲತೆ’ ಖಂಡಿತ ಬೇಡ. ಸಂವೇದನಾಶೀಲ ಅನ್ನುವುದು ನಮ್ಮಲ್ಲಿ ಕವಿಗೆ, ನಟನಿಗೆ ಸಲ್ಲುವ ಹೊಗಳಿಕೆ. ‘ಸೂಕ್ಷ್ಮತೆ’ ಇನ್ನೂ ಕೆಟ್ಟದ್ದು. ‘ಅವಳು ತುಂಬಾ ಸೂಕ್ಷ್ಮ’ ಅಂದರೆ ಸಣ್ಣದಕ್ಕೂ ನೊಂದುಕೊಳ್ಳುತ್ತಾಳೆ ಅಂತ ಅರ್ಥ. ನನ್ನ ಅಕ್ಕ ಈ ಮಾತನ್ನು ಹನ್ನೊಂದು ವರ್ಷದಿಂದ ಕೇಳುತ್ತಿದ್ದಾಳೆ. ಆಫೀಸಿಗೆ ಹೊಸ ಪೇಂಟ್ ಹೊಡೆದಾಗ ಶುರುವಾಯ್ತು. ಆಮೇಲೆ ಫಿನಾಯಿಲ್, ನುಸಿಗುಳಿಗೆ, ರೂಂ ಫ್ರೆಶ್ನರ್. ಈಗ ಪಕ್ಕದಲ್ಲಿ ಕೂತವರ ಬಟ್ಟೆಯ ಸೋಪಿನ ವಾಸನೆಗೂ ತಲೆ ಸಿಡಿಯುತ್ತದೆ, ಉಸಿರು ಕಟ್ಟುತ್ತದೆ. ಮದುವೆಮನೆಗೆ ಹೋಗುವುದು ಬಿಟ್ಟಳು. ಕೆಲಸವನ್ನೂ ಬಿಟ್ಟಳು. ‘ಎಲ್ಲ ನಿನ್ನ ಮನಸ್ಸಲ್ಲಿದೆ’ ಅನ್ನುವವರ ಕೈಗೆ ‘ಸೂಕ್ಷ್ಮತೆ’ ಅನ್ನೋ ಪದವನ್ನೂ ಕೊಡಬೇಡಿ.

‘ಅಲರ್ಜಿ’ ಎಲ್ಲರಿಗೂ ತಿಳಿಯುತ್ತದೆ, ನಿಜ. ಆದರೆ ಅದು ಬೇರೆ. ಅಲರ್ಜಿಯನ್ನು ಚರ್ಮದ ಮೇಲೆ, ರಕ್ತದಲ್ಲಿ ಪರೀಕ್ಷೆ ಮಾಡಿ ನೋಡಬಹುದು. ಇದಕ್ಕೆ ಅಂಥ ಪರೀಕ್ಷೆ ಇಲ್ಲ, ಕಾರಣದ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ. 1987ರಲ್ಲಿ ಅಮೆರಿಕದ ವೈದ್ಯ ಮಾರ್ಕ್ ಕಲೆನ್ ‘ಮಲ್ಟಿಪಲ್ ಕೆಮಿಕಲ್ ಸೆನ್ಸಿಟಿವಿಟೀಸ್’ ಅಂದರು. 1996ರಲ್ಲಿ ಬರ್ಲಿನ್ನಿನಲ್ಲಿ ಸೇರಿದ್ದ ತಜ್ಞರು ಆ ಹೆಸರು ಬಿಟ್ಟು ‘ಇಂಟಾಲರೆನ್ಸ್’, ಅಂದರೆ ತಾಳಿಕೊಳ್ಳಲಾಗದಿರುವುದು, ಅನ್ನೋ ಪದವಿರುವ ಹೊಸ ಹೆಸರು ಸೂಚಿಸಿದರು. ಅದು ನಮ್ಮ ‘ಒಗ್ಗದು’ ಅಲ್ವಾ? ಹಾಗಾಗಿ ಕರಪತ್ರಕ್ಕೆ ‘ಹಲವು ಕೆಮಿಕಲ್ ಒಗ್ಗದ ತೊಂದರೆ’ ಅಂತ ಹಾಕಿ. ‘ಹಲವು’ ಬಿಡಬೇಡಿ, ಒಂದರಿಂದ ಇನ್ನೊಂದಕ್ಕೆ ಹಬ್ಬುವುದೇ ಇದರ ಸಂಕಟ.

ಇನ್ನು ಈ ಚರ್ಚೆಯಲ್ಲಿ ಬರೆದ ಉಳಿದವರಿಗೆ. ‘ಒಗ್ಗು’ ಮತ್ತು ‘ಒಗ್ಗರಣೆ’ ಒಂದೇ ಬೇರಿನವು ಅಂದವರೇ, ಕಿವಿಗೆ ಒಂದೇ ಥರ ಕೇಳಿಸಿದರೆ ಸಾಲದು. ‘ಒಗ್ಗದಿಕೆ’ ಹೊಸೆದವರೇ, ಚೆನ್ನಾಗಿದೆ, ಆದರೆ ಬಾಗಿಲಲ್ಲಿ ನಿಂತವರಿಗೆ ಅದನ್ನು ಬಿಡಿಸಿ ಹೇಳುವವರು ಯಾರು?

ಸೆಂಟು, ಕೆಮಿಕಲ್ ಬೇಡ, ಅಚ್ಚಕನ್ನಡವೇ ಬೇಕು ಅಂತ ಮೂರು ಜನ ಬರೆದಿದ್ದೀರಿ. ಸೆಂಟಿನ, ಸೆಂಟಿಗೆ ಅಂತ ವಿಭಕ್ತಿ ಹಚ್ಚಿಕೊಂಡ ಮೇಲೆ ಅದು ನಮ್ಮದೇ. ಸಾಬೂನೂ ಹೊರಗಿನಿಂದ ಬಂದದ್ದೇ. ಊರಲ್ಲಿ ‘ರಾಸಾಯನಿಕ’ ಅಂದರೆ ಮೊದಲು ಗೊಬ್ಬರ ನೆನಪಾಗುತ್ತದೆ. ಬೋರ್ಡಿಗೆ ‘ಸುಗಂಧಮುಕ್ತ’ ಅಂತ ಹಾಕಿದರೆ ಮೊದಲ ‘ಸು’ವೇ ಒಳ್ಳೆಯದು ಅನ್ನುತ್ತದೆ, ಒಳ್ಳೆಯದರಿಂದ ಯಾಕೆ ಮುಕ್ತಿ ಅಂತ ಜನ ಕೇಳುತ್ತಾರೆ. ಪರಿಮಳವೂ ಕೇಡು ಅಂತ ಹೇಳುವ ಈ ಕಗ್ಗಂಟನ್ನು ಜಪಾನಿನವರು ಚೆನ್ನಾಗಿ ಬಿಡಿಸಿದರು. ಅಲ್ಲಿ ಮಾಲಿನ್ಯಕ್ಕೆ ‘ಕೋಗಾಯ್’ ಅನ್ನುತ್ತಾರೆ. ಉಚ್ಚಾರ ಅದೇ ಇಟ್ಟು, ಬರೆಯುವ ಮೊದಲ ಚಿತ್ರಾಕ್ಷರ ಮಾತ್ರ ಬದಲಿಸಿ ‘ಪರಿಮಳದ ಕೇಡು’ ಅನ್ನೋ ಅರ್ಥ ತಂದರು. ಬಟ್ಟೆಗೆ ಹಾಕುವ ಸಾಫ್ಟ್‌ನರ್ ವಾಸನೆಯೂ ಊರಿನ ಸಮಸ್ಯೆ ಅಂತ ಆ ಪದವೇ ಹೇಳುತ್ತದೆ.

‘ಎಷ್ಟು ಜನರಿಗೆ ಅಂತ ಈ ಬೋರ್ಡು?’ ಅಂದವರಿಗೆ: 2016ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದರಲ್ಲಿ ಪರಿಮಳ ಹಾಕಿದ ವಸ್ತುಗಳಿಂದ ಆರೋಗ್ಯಕ್ಕೆ ತೊಂದರೆಯಾಗಿದೆ ಅಂದವರು ಶೇ. 34.7. ಅಷ್ಟು ಸಾಕಲ್ಲ.

ಮೇಡಂ, ಒಂದು ಮಾತು ಡಾಕ್ಟರನ್ನು ಕೇಳಿಕೊಳ್ಳಿ. ಮಲ್ಲಿಗೆ ಮುಡಿದು ಬಂದರೂ ತೊಂದರೆಯೇ? ಹೌದು ಅಂದರೆ ‘ಸೆಂಟು’ ಆದ ಮೇಲೆ ‘ಪರಿಮಳದ ಹೂವು’ ಸೇರಿಸಿ. ಇಲ್ಲ ಅಂದರೆ ಮೇಲಿನ ಸಾಲು ಹಾಗೇ ಇರಲಿ.