ಸಿಹಿಗುಂಬಳದ ಮಸಾಲೆ ಲೋಫ್: ರುಚಿ ಕೆಡದ ಹಾಗೆ ಕ್ಯಾಲರಿ ಇಳಿಸೋದು ಹೇಗೆ?

ಪ್ರಶ್ನೆ: ಮೈಸೂರು_ಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿ ಅಕ್ಟೋಬರ್ ಬಂತೆಂದರೆ ಪಂಪ್ಕಿನ್ ಬ್ರೆಡ್ ಮಾಡುತ್ತಾಳೆ. ಯೀಸ್ಟ್ ಹಾಕಲ್ಲ, ಬ್ರೆಡ್ ಟಿನ್ನಿನಲ್ಲಿ ಬೇಯುವ ಸಿಹಿ ಲೋಫ್ ಅದು, ಚಕ್ಕೆ ಲವಂಗ ಎಲ್ಲ ಘಮಘಮ ಅನ್ನುತ್ತೆ. ಅವಳ ಅಳತೆ ಹೀಗಿದೆ: ಮೈದಾ 2 ಕಪ್, ಸಕ್ಕರೆ 1 ಕಪ್, ಎಣ್ಣೆ ಅರ್ಧ ಕಪ್, ಮೊಟ್ಟೆ 2, ಕುಂಬಳದ ಪೇಸ್ಟ್ 1 ಕಪ್, ಅಕ್ರೋಟು ಅರ್ಧ ಕಪ್, ಮೇಲೆ ಪಂಪ್ಕಿನ್ ಸ್ಪೈಸ್ ಅಂತ ಡಬ್ಬಿಯಲ್ಲಿ ಬರುವ ಪುಡಿ.

ನಮ್ಮ ಮಾವನವರಿಗೆ ಶುಗರ್ ಬಾರ್ಡರ್‌ನಲ್ಲಿದೆ, ತೂಕ ಇಳಿಸಿ ಅಂತ ಡಾಕ್ಟರ್ ಹೇಳಿದ್ದಾರೆ. ಅವರಿಗೆ ಸಂಜೆ ಕಾಫಿ ಜೊತೆ ಏನಾದರೂ ಸಿಹಿ ಬೇಕೇ ಬೇಕು, ಬೇಡ ಅಂತ ಹೇಳೋಕೆ ನನಗೂ ಮನಸ್ಸು ಬರಲ್ಲ. ಹಾಗಾಗಿ ಈ ಲೋಫನ್ನೇ ಸ್ವಲ್ಪ ಹಗುರ ಮಾಡೋಣ ಅಂತಿದ್ದೇನೆ. ಸಕ್ಕರೆ ತೆಗೆದು ಬೆಲ್ಲ ಹಾಕಿದರೆ ಸಾಕಾ? ಮೈದಾ ಬದಲು ಬಾದಾಮಿ ಪುಡಿ ಹಾಕಿ ಅಂತ ಒಬ್ಬರು ಹೇಳಿದರು, ಎಣ್ಣೆ ಪೂರ್ತಿ ಬಿಡಿ ಅಂತ ಇನ್ನೊಬ್ಬರು. ಸ್ಟೀವಿಯಾ (ಗಿಡದ ಎಲೆಯಿಂದ ತೆಗೆಯುವ, ಕ್ಯಾಲರಿ ಇಲ್ಲದ ಸಿಹಿ) ಹಾಕಬಹುದಾ? ಆ ಸ್ಪೈಸ್ ಪುಡಿ ಇಲ್ಲಿ ಸಿಗದಿದ್ದರೆ ಮನೆಯಲ್ಲೇ ಏನು ಮಾಡಬಹುದು? ಓಟಿಜಿ (ಮೇಜಿನ ಮೇಲೆ ಇಡುವ ಚಿಕ್ಕ ಕರೆಂಟ್ ಓವನ್) ಇದೆ, 9 ಇಂಚಿನ ಲೋಫ್ ಟಿನ್ ಇದೆ.

---

ಉತ್ತರ: ತಕ್ಕಡಿ_ದಾವಣಗೆರೆ

ಮೊದಲು ಲೆಕ್ಕ ಹಾಕೋಣ ಮೇಡಂ, ಎಲ್ಲಿ ಕತ್ತರಿ ಹಾಕಬೇಕು ಅಂತ ಆಗ ತಾನೇ ಗೊತ್ತಾಗುತ್ತೆ.

ನಿಮ್ಮ ತಂಗಿಯವರ ಅಳತೆಯನ್ನು ಗ್ರಾಂಗೆ ತಂದರೆ ಮೈದಾ 250 ಗ್ರಾಂ, ಅಂದರೆ ಸುಮಾರು 875 ಕ್ಯಾಲರಿ. ಸಕ್ಕರೆ 200 ಗ್ರಾಂ, ಸುಮಾರು 775. ಎಣ್ಣೆ ಸುಮಾರು 110 ಗ್ರಾಂ, ಅದೊಂದೇ 970. ಅಕ್ರೋಟು 60 ಗ್ರಾಂ, 390. ಎರಡು ಮೊಟ್ಟೆ 140. ಕುಂಬಳ ಬರೀ 50 ಚಿಲ್ಲರೆ. ಒಟ್ಟು 3,200ರ ಆಸುಪಾಸು ಬಂತು. ಹತ್ತು ಹೋಳು ಮಾಡಿದರೆ ಒಂದಕ್ಕೆ 320.

ಈಗ ನೋಡಿ, ಎಲ್ಲರೂ ಸಕ್ಕರೆಯ ಹಿಂದೆ ಬೀಳುತ್ತಾರೆ, ಆದರೆ ಇಲ್ಲಿ ದೊಡ್ಡ ಪಾಲು ಎಣ್ಣೆಯದ್ದು. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲರಿ, ಸಕ್ಕರೆಗೆ 4. ಬೆಲ್ಲಕ್ಕೂ ಹತ್ತಿರ ಹತ್ತಿರ ಅಷ್ಟೇ. ಸಕ್ಕರೆ ತೆಗೆದು ಅಷ್ಟೇ ತೂಕದ ಬೆಲ್ಲ ಹಾಕಿದರೆ ಕ್ಯಾಲರಿ ಲೆಕ್ಕದಲ್ಲಿ ಏನೂ ಉಳಿಯಲ್ಲ, ಶುಗರ್ ಇರುವವರ ರಕ್ತದಲ್ಲೂ ಅದು ಸಕ್ಕರೆಯ ಕೆಲಸವನ್ನೇ ಮಾಡುತ್ತೆ. ರುಚಿಗೆ ಮತ್ತು ತೇವ ಹಿಡಿದಿಡೋಕೆ ಬೆಲ್ಲ ಒಳ್ಳೇದು, ಅದಕ್ಕೋಸ್ಕರ ಹಾಕಿ. ಬಾದಾಮಿ ಪುಡಿ ಅಂತೂ ಈ ಕೆಲಸಕ್ಕೆ ಬೇಡವೇ ಬೇಡ. 100 ಗ್ರಾಂಗೆ 580ರ ಹತ್ತಿರ ಇದೆ, ಮೈದಾ 350. ಪಿಷ್ಟ ಕಮ್ಮಿ ಅನ್ನೋದು ನಿಜ, ಆದರೆ ತೂಕ ಇಳಿಸೋಕೆ ಹೊರಟವರಿಗೆ ಅದು ಹಗುರ ಅಲ್ಲ.

ನಾನು ಮನೆಯಲ್ಲಿ ಮಾಡುವ ಅಳತೆ ಹೇಳುತ್ತೇನೆ. ಗೋಧಿ ಹಿಟ್ಟು 220 ಗ್ರಾಂ, ಬೆಲ್ಲದ ಪುಡಿ 120 ಗ್ರಾಂ, ಎಣ್ಣೆ 40 ಗ್ರಾಂ (ಮೂರು ದೊಡ್ಡ ಚಮಚಕ್ಕೆ ಸ್ವಲ್ಪ ಕಮ್ಮಿ), ಮೊಟ್ಟೆ 2, ಬೇಯಿಸಿ ಅರೆದ ಸಿಹಿಗುಂಬಳ 225 ಗ್ರಾಂ, ಗಟ್ಟಿ ಮೊಸರು 60 ಗ್ರಾಂ, ಅಕ್ರೋಟು 20 ಗ್ರಾಂ. ಬೇಕಿಂಗ್ ಪೌಡರ್ 1 ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಕಾಲು ಚಮಚ ಉಪ್ಪು. ಉಪ್ಪು ಬಿಡಬೇಡಿ, ಸಿಹಿ ಕಮ್ಮಿ ಮಾಡಿದಾಗ ರುಚಿ ಎತ್ತಿ ಹಿಡಿಯೋದು ಅದೇ. ಒಟ್ಟು 1,930ರಷ್ಟು ಬರುತ್ತೆ. ಹನ್ನೆರಡು ಹೋಳು ಮಾಡಿದರೆ ಒಂದಕ್ಕೆ 160.

ಅಕ್ರೋಟನ್ನು ಹಿಟ್ಟಿಗೆ ಬೆರೆಸಬೇಡಿ, ಸಣ್ಣಗೆ ಹೆಚ್ಚಿ ಮೇಲೆ ಉದುರಿಸಿ. ಒಳಗೆ ಹಾಕಿದ 20 ಗ್ರಾಂ ಎಲ್ಲಿ ಹೋಯಿತು ಅಂತಲೇ ಗೊತ್ತಾಗಲ್ಲ. ಮೇಲೆ ಹಾಕಿದರೆ ಹುರಿದು ಕರಕರ ಆಗುತ್ತೆ, ಪ್ರತಿ ತುತ್ತಿಗೂ ಸಿಗುತ್ತೆ.

---

ಉತ್ತರ: ಹಾಸನದ_ಒಲೆ

ಅಳತೆ ಚೆನ್ನಾಗಿದೆ. ನಾನು ಬೇಕರಿಯಲ್ಲಿ ಕೆಲಸ ಮಾಡಿದವನು, ಮಾಡುವ ಕ್ರಮದ ಬಗ್ಗೆ ನಾಲ್ಕು ಮಾತು ಸೇರಿಸುತ್ತೇನೆ. ಹಗುರ ಮಾಡಿದ ಲೋಫ್ ಕೆಡೋದು ಹೆಚ್ಚಾಗಿ ಅಲ್ಲೇ.

ಎಣ್ಣೆ ಹಿಟ್ಟಿನ ಕಣಗಳ ಮೇಲೆ ಪೊರೆ ಕಟ್ಟಿ ಅದು ನಾರು ನಾರಾಗದ ಹಾಗೆ ತಡೆಯುತ್ತೆ. ಸಕ್ಕರೆ ನೀರು ಹಿಡಿದಿಡುತ್ತೆ, ಮೆತ್ತಗಿಡುತ್ತೆ, ಮೇಲಿನ ಕಂದು ಬಣ್ಣಕ್ಕೂ ಅದೇ ಬೇಕು. ಅದಕ್ಕೇ ಎಣ್ಣೆ ಪೂರ್ತಿ ಬಿಡಿ ಅನ್ನೋ ಮಾತನ್ನು ನಾನು ಒಪ್ಪಲ್ಲ. ಬಿಟ್ಟರೆ ಬಿಸಿ ಇರುವಾಗ ತಿನ್ನಬಹುದು, ಮಾರನೇ ದಿನ ಜಿಗುಟು. ಎಣ್ಣೆಯಲ್ಲಿ ಮೂರನೇ ಎರಡು ಭಾಗ ತೆಗೆದು ಆ ಜಾಗಕ್ಕೆ ಮೊಸರು, ಕುಂಬಳ ತುಂಬಬಹುದು, ಅದಕ್ಕಿಂತ ಕೆಳಗೆ ಹೋಗಬೇಡಿ. ಸಕ್ಕರೆಯಲ್ಲಿ ಮೂರನೇ ಒಂದು ಭಾಗ ಕಮ್ಮಿ ಮಾಡಿದರೆ ಯಾರಿಗೂ ಗೊತ್ತಾಗಲ್ಲ, ಮೇಲಿನ ಅಳತೆಯಲ್ಲಿ ಇನ್ನೂ ಸ್ವಲ್ಪ ಜಾಸ್ತಿನೇ ತೆಗೆದಿದ್ದಾರೆ, ಕುಂಬಳದ ಸಿಹಿ ಇರೋದರಿಂದ ನಡೆಯುತ್ತೆ.

ಗೋಧಿ ಹಿಟ್ಟು ಮೈದಾಗಿಂತ ಜಾಸ್ತಿ ನೀರು ಕುಡಿಯುತ್ತೆ. ತವುಡು ನೆನೆಯೋಕೆ ಹೊತ್ತು ಬೇಕು. ಆದ್ದರಿಂದ ಸೋಡಾ, ಬೇಕಿಂಗ್ ಪೌಡರ್ ಬಿಟ್ಟು ಉಳಿದದ್ದೆಲ್ಲ ಕಲಸಿ ಹದಿನೈದು ನಿಮಿಷ ಮುಚ್ಚಿಡಿ. ಆಮೇಲೆ ಅವೆರಡನ್ನೂ ಜರಡಿ ಹಿಡಿದು ಉದುರಿಸಿ, ಚಮಚದಿಂದ ಕೆಳಗಿಂದ ಮೇಲಕ್ಕೆ ಮಡಚುವ ಹಾಗೆ ಬೆರೆಸಿ. ವಿಸ್ಕ್ ಹಿಡಿದು ಬಡಿಯೋಕೆ ಹೋಗಬೇಡಿ, ಚಪಾತಿ ಹಿಟ್ಟಿಗೆ ಬೇಕಾದ ಜಿಗುಟು ಇಲ್ಲಿ ಬರಬಾರದು. ಸೋಡಾ ಬಿದ್ದ ಮೇಲೆ ತಡ ಮಾಡಬೇಡಿ, ಮೊಸರಿನ ಹುಳಿ ತಾಗಿದ ಕೂಡಲೇ ಗಾಳಿ ಗುಳ್ಳೆ ಏಳೋಕೆ ಶುರುವಾಗುತ್ತೆ.

ಓಟಿಜಿಯನ್ನು 175 ಡಿಗ್ರಿಗೆ ಇಟ್ಟು ಮೊದಲೇ ಹತ್ತು ನಿಮಿಷ ಕಾಯಿಸಿ. ಮಧ್ಯದ ಜಾಲರಿಯಲ್ಲಿ ಟಿನ್ ಇಡಿ, ಮೇಲಿನ ಕೆಳಗಿನ ಎರಡೂ ರಾಡ್ ಆನ್ ಇರಲಿ. 50ರಿಂದ 55 ನಿಮಿಷ. ಬೆಲ್ಲ ಬೇಗ ಕಪ್ಪಾಗುತ್ತೆ, 35 ನಿಮಿಷಕ್ಕೆ ಒಮ್ಮೆ ನೋಡಿ ಮೇಲೆ ಫಾಯಿಲ್ ಸಡಿಲವಾಗಿ ಮುಚ್ಚಿ. ನಡುವೆ ಕಡ್ಡಿ ಚುಚ್ಚಿದರೆ ಹಸಿ ಹಿಟ್ಟು ಅಂಟಬಾರದು, ಒಂದೆರಡು ಒದ್ದೆ ಪುಡಿ ಬಂದರೆ ಸರಿ. ಟಿನ್ನಿನಲ್ಲೇ ಹತ್ತು ನಿಮಿಷ ಬಿಟ್ಟು ಜಾಲರಿಗೆ ತೆಗೆಯಿರಿ. ಪೂರ್ತಿ ಆರದೆ ಕತ್ತರಿಸಬೇಡಿ, ಕುಂಬಳ ಹಾಕಿದ ಲೋಫ್ ಬಿಸಿಯಲ್ಲಿ ಬೇಯದ ಹಾಗೆ ಕಾಣುತ್ತೆ, ಆರಿದ ಮೇಲೆ ಸರಿಹೋಗುತ್ತೆ.

---

ಉತ್ತರ: ಡಾಲಸ್_ಕನ್ನಡತಿ

ಆ ಸ್ಪೈಸ್ ಡಬ್ಬಿಗಾಗಿ ನೀವು ಹುಡುಕಾಡಬೇಡಿ ಅಕ್ಕ. ಅದರಲ್ಲಿರೋದು ಚಕ್ಕೆ, ಒಣಶುಂಠಿ, ಜಾಯಿಕಾಯಿ, ಲವಂಗ, ಕೆಲವರು ಆಲ್‌ಸ್ಪೈಸ್ ಸೇರಿಸುತ್ತಾರೆ. ಇಲ್ಲಿ ಮೆಕ್‌ಕಾರ್ಮಿಕ್ ಕಂಪನಿ 1934ರಲ್ಲೇ ಪಂಪ್ಕಿನ್ ಪೈ ಸ್ಪೈಸ್ ಅಂತ ಬೆರೆಸಿ ಮಾರೋಕೆ ಶುರು ಮಾಡಿತ್ತು. 2003ರಲ್ಲಿ ಸ್ಟಾರ್‌ಬಕ್ಸ್ ಅದೇ ಘಮದ ಕಾಫಿ ತಂದ ಮೇಲೆ ಚಳಿಗಾಲ ಹತ್ತಿರ ಬಂದರೆ ಸೋಪು, ಮೇಣದಬತ್ತಿಗೂ ಅದೇ ವಾಸನೆ. ನಮ್ಮ ಕೊಡಗು, ಶಿರಸಿ ಕಡೆಯ ತೋಟಗಳಲ್ಲಿ ಬೆಳೆಯುವ ಏಲಕ್ಕಿ, ಜಾಯಿಕಾಯಿ ಕೈಗೆ ಸಿಗುವಾಗ ನಿಮಗೆ ಅದರ ಹಂಗೇ ಬೇಡ.

ಒಂದು ಲೋಫಿಗೆ ಚಕ್ಕೆ ಪುಡಿ 2 ಟೀ ಚಮಚ, ಒಣಶುಂಠಿ ಪುಡಿ 1 ಚಮಚ, ಏಲಕ್ಕಿ ಅರ್ಧ ಚಮಚ, ಲವಂಗ ಐದಾರು ಕುಟ್ಟಿದ್ದು, ಜಾಯಿಕಾಯಿ ಕಾಲು ಚಮಚ, ಅದನ್ನು ಆಗಲೇ ತುರಿದರೆ ಒಳ್ಳೇದು. ಸಕ್ಕರೆ ಕಮ್ಮಿ ಮಾಡಿದಾಗ ಚಕ್ಕೆ ಏಲಕ್ಕಿ ಸ್ವಲ್ಪ ಧಾರಾಳವಾಗಿರಬೇಕು, ನಾಲಿಗೆಗೆ ಇರೋದಕ್ಕಿಂತ ಜಾಸ್ತಿ ಸಿಹಿ ಅನ್ನಿಸುತ್ತೆ. ಲವಂಗ ಮಾತ್ರ ಹಿಡಿತದಲ್ಲಿರಲಿ, ಹೆಚ್ಚಾದರೆ ಬಾಯಿ ಜೋಮು ಹಿಡಿಯುತ್ತೆ.

ಇನ್ನೊಂದು ಉಪಾಯ, ಇದು ನಮ್ಮ ಒಗ್ಗರಣೆಯಿಂದ ಬಂದದ್ದು. ಆ 40 ಗ್ರಾಂ ಎಣ್ಣೆಯನ್ನು ಚಿಕ್ಕ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಒಲೆ ಆರಿಸಿ, ಮಸಾಲೆ ಪುಡಿಗಳನ್ನೆಲ್ಲ ಅದಕ್ಕೆ ಹಾಕಿ ಕಲಕಿ ಆರಲು ಬಿಡಿ. ಈ ಮಸಾಲೆಗಳ ಘಮ ಎಣ್ಣೆಯಲ್ಲಿ ಚೆನ್ನಾಗಿ ಇಳಿಯುತ್ತೆ. ಎಣ್ಣೆ ಕಮ್ಮಿ ಇರುವ ಲೋಫಿನಲ್ಲಿ ಇದರಿಂದ ನಿಜವಾಗಿ ವ್ಯತ್ಯಾಸ ಕಾಣುತ್ತೆ, ದಯವಿಟ್ಟು ಮಾಡಿ ನೋಡಿ.

ಕುಂಬಳದ ವಿಷಯ ಮರೆತಿದ್ದೆ. ಇಲ್ಲಿ 425 ಗ್ರಾಂ ಡಬ್ಬಿಯಲ್ಲಿ ಗಟ್ಟಿ ಪೇಸ್ಟ್ ಸಿಗುತ್ತೆ, ನಿಮ್ಮ ತಂಗಿ ಅದನ್ನೇ ಹಾಕುತ್ತಿರಬೇಕು. ನಮ್ಮ ಸಿಹಿಗುಂಬಳದಲ್ಲಿ ನೀರು ಜಾಸ್ತಿ. ನೀರು ಹಾಕಿ ಬೇಯಿಸಬೇಡಿ, ಆವಿಯಲ್ಲಿ ಬೇಯಿಸಿ ಅರೆದು ಬಟ್ಟೆಯಲ್ಲಿ ಅರ್ಧ ಗಂಟೆ ಸೋರಲು ಬಿಟ್ಟು ಆಮೇಲೆ ತೂಕ ಮಾಡಿ.

---

ಮೈಸೂರು_ಮಲ್ಲಿಗೆ

ಇಷ್ಟು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ವಿಷಯ ಉಳಿದಿವೆ. ಅತ್ತೆ ಮೊಟ್ಟೆ ತಿನ್ನಲ್ಲ, ಅವರಿಗೂ ಒಂದು ಹೋಳು ಕೊಡಬೇಕಲ್ವಾ, ಮೊಟ್ಟೆ ಬಿಟ್ಟು ಮಾಡಬಹುದಾ? ಮತ್ತೆ ಸ್ಟೀವಿಯಾ ಬಗ್ಗೆ ಯಾರೂ ಹೇಳಲಿಲ್ಲ.

---

ಉತ್ತರ: ಹಾಸನದ_ಒಲೆ

ಮೊಟ್ಟೆ ಇಲ್ಲದೆ ಧಾರಾಳವಾಗಿ ಆಗುತ್ತೆ. ಮೊಸರನ್ನು 60ರಿಂದ 130 ಗ್ರಾಂಗೆ ಏರಿಸಿ. ಅಗಸೆ ಬೀಜದ ಪುಡಿ 1 ದೊಡ್ಡ ಚಮಚಕ್ಕೆ 3 ಚಮಚ ನೀರು ಬೆರೆಸಿ ಹತ್ತು ನಿಮಿಷ ಬಿಟ್ಟರೆ ಲೋಳೆಯಾಗುತ್ತೆ, ಅದನ್ನೂ ಸೇರಿಸಿ. ಹಿಟ್ಟು ಇಡ್ಲಿ ಹಿಟ್ಟಿಗಿಂತ ಒಂಚೂರು ಗಟ್ಟಿ ಇದ್ದರೆ ಹದ ಸರಿ, ತೀರಾ ಗಟ್ಟಿಯಾದರೆ ಎರಡು ಚಮಚ ಹಾಲು. ಅಷ್ಟು ಎತ್ತರ ಏಳಲ್ಲ, ಐದು ನಿಮಿಷ ಜಾಸ್ತಿ ಬೇಯಬೇಕು, ರುಚಿಗೇನೂ ಕೊರತೆ ಇಲ್ಲ.

---

ಉತ್ತರ: ಸಂಜೆ_ನಡಿಗೆ

ನನಗೇ ಶುಗರ್ ಇದೆ, ಹಾಗಾಗಿ ಸ್ಟೀವಿಯಾ ಬಗ್ಗೆ ನಾನು ಹೇಳುತ್ತೇನೆ. ಓವನ್ ಬಿಸಿಗೆ ಸ್ಟೀವಿಯಾ ಕೆಡಲ್ಲ, ಸುಕ್ರಲೋಸ್ ಇರುವ ಪುಡಿಯನ್ನೂ ಬೇಕಿಂಗಿಗೆ ಬಳಸುತ್ತಾರೆ, ಆಸ್ಪರ್ಟೇಮ್ ಮಾತ್ರ ಬಿಸಿಗೆ ಸಿಹಿ ಕಳೆದುಕೊಳ್ಳುತ್ತೆ. ಆದರೆ ಇವು ಸಿಹಿ ಕೊಡುತ್ತವೆ ಅಷ್ಟೇ, ಸಕ್ಕರೆಯ ಹಾಗೆ ತೇವ ಹಿಡಿಯಲ್ಲ, ಬಣ್ಣ ಕೊಡಲ್ಲ. ಪೂರ್ತಿ ಸ್ಟೀವಿಯಾ ಹಾಕಿದರೆ ಲೋಫ್ ಒಣಗುತ್ತೆ, ನಾಲಿಗೆಯಲ್ಲಿ ಒಂಥರಾ ಕಹಿ ಉಳಿಯುತ್ತೆ. ಎರಿಥ್ರಿಟಾಲ್ ಅಂತ ಇನ್ನೊಂದು ಬರುತ್ತೆ, ಅದಕ್ಕೆ ಕ್ಯಾಲರಿ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಸಕ್ಕರೆಯ ಮುಕ್ಕಾಲಿಗಿಂತ ಕಮ್ಮಿ ಸಿಹಿ, ತಿಂದರೆ ಬಾಯಿ ತಣ್ಣಗಾಗುತ್ತೆ. ಚಕ್ಕೆ ಶುಂಠಿಯ ಬೆಚ್ಚನೆ ರುಚಿಗೆ ಆ ತಂಪು ಹೊಂದಲ್ಲ ಅಂತ ನನ್ನ ಅಭಿಪ್ರಾಯ. ಹಾಕಲೇಬೇಕು ಅಂದರೆ ಬೆಲ್ಲ 80 ಗ್ರಾಂಗೆ ಇಳಿಸಿ, ಉಳಿದ ಸಿಹಿಗೆ ಚಿಟಿಕೆ ಸ್ಟೀವಿಯಾ ಹಾಕಿ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ, ತೂಕ ಇಳಿಸೋಕೆ ಅಂತ ಸ್ಟೀವಿಯಾ, ಸುಕ್ರಲೋಸ್‌ನಂಥ ಸಿಹಿಕಾರಕಗಳನ್ನು ನೆಚ್ಚಿಕೊಳ್ಳಬೇಡಿ ಅಂತ ಸಲಹೆ ಕೊಟ್ಟಿದೆ. ಆ ಸಲಹೆ ಆಗಲೇ ಶುಗರ್ ಇರುವವರನ್ನು ಉದ್ದೇಶಿಸಿದ್ದಲ್ಲ, ಆದರೂ ತಿಳಿದಿರಲಿ.

ಮಾವನವರ ವಿಷಯದಲ್ಲಿ ಒಂದು ಮುಖ್ಯ ಮಾತು. ಕ್ಯಾಲರಿ ಕಮ್ಮಿ ಆಯಿತು ಅಂದರೆ ಶುಗರ್ ಏರಲ್ಲ ಅಂತ ಅರ್ಥ ಅಲ್ಲ. ಮೇಲಿನ ಅಳತೆಯಲ್ಲಿ ಹಿಟ್ಟು, ಬೆಲ್ಲ ಎರಡೂ ಸೇರಿ ಒಂದು ಹೋಳಿಗೆ ಸುಮಾರು 22-23 ಗ್ರಾಂ ಕಾರ್ಬೋಹೈಡ್ರೇಟ್ ಬರುತ್ತೆ. ಅದನ್ನು ಸಂಜೆ ತಿಂಡಿಯ ಬದಲಿಗೆ ಕೊಡಿ, ತಿಂಡಿಯ ಜೊತೆಗೆ ಬೇಡ. ಕಾಫಿಗೆ ಸಕ್ಕರೆ ಹಾಕಬೇಡಿ. ಡಾಕ್ಟರ್ ಹತ್ತಿರ ಹೋದಾಗ ಇದನ್ನೂ ಕೇಳಿ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ತಿಂದ ಎರಡು ಗಂಟೆ ನಂತರ ಒಮ್ಮೆ ನೋಡಿದರೆ ಅವರ ಮೈಗೆ ಎಷ್ಟು ಹೊಂದುತ್ತೆ ಅಂತ ತಿಳಿಯುತ್ತೆ.

---

ಉತ್ತರ: ಕುಮಟಾ_ತೀರ

ಓವನ್ ಇಲ್ಲದವರು ಯಾರಾದರೂ ಓದುತ್ತಿದ್ದರೆ: ನಮ್ಮ ಕಡೆ ಕೊಂಕಣಿಯವರ ಮನೆಗಳಲ್ಲಿ ತವಸಳಿ ಮಾಡುತ್ತಾರೆ. ತುರಿದ ಸೌತೆಕಾಯಿ, ರವೆ, ಬೆಲ್ಲ, ಕಾಯಿತುರಿ, ಏಲಕ್ಕಿ. ಹಿಂದೆ ಪಾತ್ರೆಯ ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುತ್ತಿದ್ದರು, ಈಗ ಹಬೆಯಲ್ಲೂ ಮಾಡುತ್ತಾರೆ. ಎಣ್ಣೆ ಹೆಚ್ಚು ಬೇಡ, ಮೊಟ್ಟೆ ಬೇಡ. ಸೌತೆಕಾಯಿಯ ನೀರೇ ರವೆಯನ್ನು ಬೇಯಿಸುತ್ತೆ. ಕಾಯಿತುರಿಯಲ್ಲಿ ಕೊಬ್ಬು ಇರೋದರಿಂದ ಅದನ್ನು ಅರ್ಧ ಮಾಡಿ, ಬೆಲ್ಲವನ್ನೂ ಇಳಿಸಿ. ಸೌತೆಕಾಯಿ ಜಾಗಕ್ಕೆ ಸಿಹಿಗುಂಬಳ ತುರಿದು ಹಾಕಿದರೂ ಬಹಳ ಚೆನ್ನಾಗಿ ಬರುತ್ತೆ.

---

ಉತ್ತರ: ತಕ್ಕಡಿ_ದಾವಣಗೆರೆ

ಇಟ್ಟುಕೊಳ್ಳುವ ಬಗ್ಗೆ ಯಾರೂ ಬರೆದಿಲ್ಲ, ಸೇರಿಸುತ್ತೇನೆ. ಸಕ್ಕರೆ ಕಮ್ಮಿ, ನೀರಿನಂಶ ಜಾಸ್ತಿ ಇರುವ ಲೋಫ್ ಬೇಗ ಬೂಸ್ಟು ಹಿಡಿಯುತ್ತೆ, ಬೇಕರಿ ಕೇಕಿನ ಹಾಗೆ ವಾರಗಟ್ಟಲೆ ಹೊರಗೆ ಇಡೋಕಾಗಲ್ಲ. ಒಂದು ದಿನ ಹೊರಗೆ, ಆಮೇಲೆ ಫ್ರಿಜ್. ಅದಕ್ಕಿಂತ ಒಳ್ಳೇದು ಆರಿದ ಕೂಡಲೇ ಹನ್ನೆರಡು ಹೋಳು ಮಾಡಿ, ಮಧ್ಯೆ ಬಟರ್ ಪೇಪರ್ ಇಟ್ಟು ಫ್ರೀಜರಿಗೆ ಹಾಕಿ. ಬೇಕಾದಾಗ ಒಂದೇ ಹೋಳು ತೆಗೆದು ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ ಬೆಚ್ಚಗೆ ಮಾಡಿ, ಎಣ್ಣೆ ಹಾಕದೆ. ಅಂಚು ಗರಿ ಗರಿಯಾಗುತ್ತೆ, ಚಕ್ಕೆ ಘಮ ಮತ್ತೆ ಏಳುತ್ತೆ. ಇಡೀ ಲೋಫ್ ಮೇಜಿನ ಮೇಲೆ ಇದ್ದರೆ ಹೋಗ್ತಾ ಬರ್ತಾ ಎಲ್ಲರೂ ಚೂರು ಚೂರು ಕತ್ತರಿಸಿಕೊಳ್ಳುತ್ತಾರೆ, ಹೋಳೊಂದಕ್ಕೆ 160 ಅನ್ನೋ ಲೆಕ್ಕ ಆಮೇಲೆ ಉಳಿಯಲ್ಲ. ಮಾಡಿದ ಮೇಲೆ ಹೇಗೆ ಬಂತು ಅಂತ ಇಲ್ಲಿ ಬರೆಯಿರಿ ಮೇಡಂ, ನಿಮ್ಮ ಕುಂಬಳ ಎಷ್ಟು ನೀರು ಬಿಟ್ಟಿತು ಅನ್ನೋದನ್ನೂ ಸೇರಿಸಿ, ಅದರ ಮೇಲೆ ಹಿಟ್ಟಿನ ಅಳತೆ ಸರಿ ಮಾಡಬಹುದು.